‘ಡಿಡ್’ ಬಂದ ಮೇಲೆ ‘ವೆಂಟ್’ ಯಾಕೆ ಬರಬಾರದು?

ಓದುಗರ ಪ್ರಶ್ನೆ: ಕೇಳುತ್ತಿರುವುದು ನಿನ್ನೆಯ ವಿಷಯ. ಆದರೂ ‘ಡಿಡ್ ಯು ವೆಂಟ್?’ ತಪ್ಪು, ‘ಡಿಡ್ ಯು ಗೋ?’ ಸರಿ ಅಂತಾರೆ. ಭೂತಕಾಲ ಅಂದಮೇಲೆ ‘ವೆಂಟ್’ ಬರಬೇಕಲ್ಲವೇ?

ಭೂತಕಾಲ ಅಲ್ಲಿ ಆಗಲೇ ಬಂದು ಕೂತಿದೆ. ‘ಡೂ’ ಕ್ರಿಯಾಪದದ ಭೂತಕಾಲದ ರೂಪವೇ ‘ಡಿಡ್’. ಕಾಲ ಹೇಳುವ ಕೆಲಸವನ್ನು ಅದು ವಹಿಸಿಕೊಂಡ ಮೇಲೆ ನಂತರ ಬರುವ ಕ್ರಿಯಾಪದ ಮೂಲರೂಪದಲ್ಲಿದ್ದರೆ ಸಾಕು.

ನಿಜ ಹೇಳಬೇಕೆಂದರೆ ನಮಗಿದು ಹೊಸದಲ್ಲ. ‘ಹೋದೆ’ ಎಂಬುದನ್ನು ಅಲ್ಲಗಳೆಯುವಾಗ ‘ಹೋದಲಿಲ್ಲ’ ಅನ್ನುತ್ತೇವೆಯೇ? ‘ಹೋಗಲಿಲ್ಲ’ ಅನ್ನುತ್ತೇವೆ. ‘ತಿಂದೆ’ ಹೋಗಿ ‘ತಿನ್ನಲಿಲ್ಲ’, ‘ಬಂದಳು’ ಹೋಗಿ ‘ಬರಲಿಲ್ಲ’. ನಾನಾಗಲಿ, ಅವಳಾಗಲಿ, ಅವರಾಗಲಿ, ಎಲ್ಲರಿಗೂ ಅದೇ ‘ಬರಲಿಲ್ಲ’. ‘ಡಿಡ್ ನಾಟ್ ಕಮ್’ ಕೂಡ ಹಾಗೆಯೇ ಯಾರಿಗೂ ಬದಲಾಗುವುದಿಲ್ಲ.

ಎಡವುವುದು ಪ್ರಶ್ನೆ ಕೇಳುವಾಗ. ಕನ್ನಡದಲ್ಲಿ ‘ಹೋದೆ’ಗೆ ಒಂದು ‘ಆ’ ಹಚ್ಚಿದರೆ ‘ಹೋದೆಯಾ?’ ಆಯಿತು, ಭೂತಕಾಲದ ರೂಪ ಅಲುಗುವುದಿಲ್ಲ. ‘ವೆಂಟ್’ ನಾಲಗೆಗೆ ಬರುವುದು ಆ ರೂಢಿಯಿಂದಲೇ ಇರಬೇಕು ಅಂತ ನನ್ನ ಅನುಮಾನ. ಹಳೆಯ ಇಂಗ್ಲಿಷಿನಲ್ಲೂ ‘ವೆಂಟ್’ ಹಾಕಿಯೇ ಕೇಳಬಹುದಿತ್ತು: 1611ರ ಇಂಗ್ಲಿಷ್ ಬೈಬಲ್ಲಿನಲ್ಲಿ ‘ವಾಟ್ ವೆಂಟ್ ಯೀ ಔಟ್’ ಎಂದು ಶುರುವಾಗುವ ಪ್ರಶ್ನೆಯೇ ಇದೆ. ಆದರೆ ಅಲ್ಲಿ ‘ಡಿಡ್’ ಇಲ್ಲ. ಎರಡೂ ಒಟ್ಟಿಗೆ ಬಂದರೆ ಮಾತ್ರ ಗಲಾಟೆ.

‘ಡಿಡ್ ಯು ಡೂ ದಿ ಹೋಮ್‌ವರ್ಕ್?’ ಅನ್ನಲು ಹಲವರು ಹಿಂಜರಿಯುತ್ತಾರೆ, ಒಂದೇ ಪದ ಎರಡು ಸಲ ಬಂತಲ್ಲ ಅಂತ. ಹಿಂಜರಿಯಬೇಕಿಲ್ಲ: ಮೊದಲನೆಯದು ಕಾಲಕ್ಕೆ, ಎರಡನೆಯದು ಮಾಡುವ ಕೆಲಸಕ್ಕೆ. ‘ಪುಟ್’, ‘ಕಟ್’ ಬಂದಾಗಲಂತೂ ತಪ್ಪು ಮಾಡಬೇಕೆಂದರೂ ಆಗದು, ಅವುಗಳ ಎರಡೂ ರೂಪ ಒಂದೇ. ‘ವಾಸ್’, ‘ವರ್’ ಇದ್ದಲ್ಲಿ ‘ಡಿಡ್’ ಬೇಡ: ‘ವರ್ ಯು ಅಟ್ ಹೋಮ್?’. ಹೋದವರು ಯಾರು ಎಂದು ಕೇಳುವಾಗಲೂ ಬೇಡ, ‘ಹೂ ವೆಂಟ್?’ ಸರಿಯಾಗಿದೆ.

ಇನ್ನು ಕೆಲವರು ಇದನ್ನು ಕಲಿತ ಹುರುಪಿನಲ್ಲಿ ಎಲ್ಲದಕ್ಕೂ ‘ಐ ಡಿಡ್ ಗೋ’, ‘ಐ ಡಿಡ್ ಈಟ್’ ಅನ್ನತೊಡಗುತ್ತಾರೆ. ವ್ಯಾಕರಣ ಸರಿ, ಧಾಟಿ ಬೇರೆ. ‘ನೀನು ಹೋಗೇ ಇಲ್ಲ’ ಅಂತ ಯಾರಾದರೂ ವಾದಕ್ಕೆ ನಿಂತಾಗ ‘ಹೋಗಿದ್ದೆ ಕಣಯ್ಯಾ’ ಎಂದು ಒತ್ತಿ ಹೇಳುವ ಮಾತು ಅದು. ‘ನಿನ್ನೆ ಎಲ್ಲಿಗೆ ಹೋಗಿದ್ರಿ?’ ಅಂತ ಸುಮ್ಮನೆ ಕೇಳಿದವರಿಗೆ ‘ಐ ವೆಂಟ್ ಟು ಮೈಸೂರು’ ಸಾಕು.