ಹಲಗೆ ಲಟಲಟ ಅನ್ನಲಿ ಬಿಡಿ

ಶ್ರಾವಣದಲ್ಲಿ ಮಾಡಿಸಿದ ಕಪಾಟಿನ ಬಾಗಿಲು ಮೇ ತಿಂಗಳ ಒಂದು ಮಧ್ಯಾಹ್ನ ಚಟ್ಟನೆ ಸದ್ದು ಮಾಡಿತು. ನೋಡಿದರೆ ಸಾಗವಾನಿ ಹಲಗೆ ನಟ್ಟನಡುವೆ ಮೇಲಿಂದ ಕೆಳಗೆ ಸೀಳಿತ್ತು. ರಾಯಚೂರಿನ ಬಿಸಿಲನ್ನು ಬೈದದ್ದಾಯಿತು. ತಪ್ಪು ಬಿಸಿಲಿನದಲ್ಲ, ಚೌಕಟ್ಟಿನ ತೋಡಿನೊಳಗೆ ಹಲಗೆಗೂ ಅಂಟು ಮೆತ್ತಿದ್ದರು.

ಮರ ತೇವ ಹೀರಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಎಳೆಯ ಉದ್ದಕ್ಕೆ ಅದು ಲೆಕ್ಕಕ್ಕಿಲ್ಲ, ಅಗಲಕ್ಕೆ ಮಾತ್ರ ಜೋರು. ಹಸಿ ಸಾಗವಾನಿ ಪೂರ್ತಿ ಒಣಗುವಾಗ ಬೆಳವಣಿಗೆಯ ಉಂಗುರದ ಗುಂಟ ಸುಮಾರು ಶೇ 5.8, ಉಂಗುರಕ್ಕೆ ಅಡ್ಡವಾಗಿ ಶೇ 2.5 ಕುಗ್ಗುತ್ತದೆ. 400 ಮಿ.ಮೀ. ಅಗಲದ ಹಲಗೆಯ ತೇವಾಂಶ ಶೇ 4ರಷ್ಟು ಇಳಿದರೆ 3 ಮಿ.ಮೀ.ವರೆಗೂ ಕುಗ್ಗಬಹುದು. ಮರಗಳಲ್ಲೇ ಸಾಧುವಾದ ಸಾಗವಾನಿಯ ಕಥೆ ಇದು!

ಅದಕ್ಕೇ ನಾಲ್ಕು ಪಟ್ಟಿಯ ಚೌಕಟ್ಟು, ನಡುವೆ ಅಂಟಿಲ್ಲದೆ ಕೂತ ಹಲಗೆ. ಕೊಪ್ಪಳದ ಅಜ್ಜನ ಮನೆಯ ಬಾಗಿಲು ತಟ್ಟಿದರೆ ಹಲಗೆ ಲಟಲಟ ಅನ್ನುತ್ತಿತ್ತು. ಕೆಲಸ ಸಡಿಲ ಅಂದುಕೊಂಡಿದ್ದೆ. ಅದು ಬಡಿಗೇರನ ಜಾಣತನ.

ಈಗ ಈ ಕೆಲಸ ರೂಟರಿನದು, ಅಂದರೆ ಮರದ ಅಂಚು ಕೊರೆಯುವ ವಿದ್ಯುತ್ ಯಂತ್ರದ್ದು. ಅದಕ್ಕೆ ಸಿಕ್ಕಿಸುವ ತಿರುಗುವ ಅಲಗು, ಅಂದರೆ ಬಿಟ್, ಮೂರು ಬೇಕು. ಒಂದು ಪಟ್ಟಿಯ ಒಳ ಅಂಚಿಗೆ ತೋಡು, ಅಲಂಕಾರ ಎರಡನ್ನೂ ಕೊರೆಯುತ್ತದೆ. ಇನ್ನೊಂದು ಅಡ್ಡಪಟ್ಟಿಯ ತುದಿಗೆ ಅದರೊಳಗೆ ಸರಿಯಾಗಿ ಕೂರುವ ಉಲ್ಟಾ ಅಚ್ಚು ಕೊಡುತ್ತದೆ. ಇವೆರಡನ್ನು ಜೋಡಿಯಾಗಿಯೇ ಕೊಳ್ಳಿ, ಬಿಡಿಬಿಡಿ ತಂದರೆ ಸಂದು ಕೂಡುವುದಿಲ್ಲ. ಒಂದೇ ಬಿಟ್ಟಿನ ಕಟ್ಟರ್ ಬಿಚ್ಚಿ ತಿರುಗಿಸಿ ಎರಡೂ ಮಾಡುವ ಅಗ್ಗದ ಬಗೆಯೂ ಇದೆ. ಪ್ರತಿ ಸಲ ಹೊಂದಿಸುವ ತಾಳ್ಮೆ ಬೇಕು, ನನಗಿಲ್ಲ. ಅಡ್ಡಪಟ್ಟಿಯ ತುದಿ ಮೊದಲು ಕೊರೆಯಿರಿ. ಅಲ್ಲಿ ಕಿತ್ತುಬಂದ ಎಳೆ ಆಮೇಲೆ ಉದ್ದದ ಅಂಚು ಕೊರೆಯುವಾಗ ಹೋಗುತ್ತದೆ.

ಮೂರನೆಯದು ಹಲಗೆಯ ಅಂಚನ್ನು ಇಳಿಜಾರು ಮಾಡುವ ಬಿಟ್, ಅಡ್ಡಳತೆ ಮೂರೂವರೆ ಇಂಚು. ನಿಮಿಷಕ್ಕೆ 24,000 ಸುತ್ತು ತಿರುಗಿಸಿದರೆ ಅದರ ಹಲ್ಲು ಗಂಟೆಗೆ 400 ಕಿ.ಮೀ. ವೇಗದಲ್ಲಿ ಓಡುತ್ತದೆ! 10,000ಕ್ಕೆ ಇಳಿಸಿ, ಮೇಜಿಗೆ ಬಿಗಿದ ದೊಡ್ಡ ರೂಟರಿನಲ್ಲಿ ಮೂರ್ನಾಲ್ಕು ಸಲ ಸ್ವಲ್ಪಸ್ವಲ್ಪವೇ ಕೊರೆಯಬೇಕು. ವೇಗ ಇಳಿಸಲಾಗದ ಮಷಿನ್ನಿಗೆ ಇದು ಬೇಡವೇ ಬೇಡ.

ಅಂಗಡಿಯಲ್ಲಿ 12 ಮಿ.ಮೀ. ಶ್ಯಾಂಕಿನ (ಮಷಿನ್ ಹಿಡಿಯುವ ಕಡ್ಡಿ) ಬಿಟ್ ಕೊಟ್ಟು ‘ಅರ್ಧ ಇಂಚೇ ರೀ’ ಅಂದರೆ ನಂಬಬೇಡಿ. ಅರ್ಧ ಇಂಚು ಅಂದರೆ 12.7. ಹಿಡಿತ ಸಡಿಲಾದರೆ ತಿರುಗುವಾಗ ಬಿಟ್ ಹಾರೀತು.

ತೋಡಿನ ಆಳ 10 ಮಿ.ಮೀ. ಇದ್ದರೆ, ಬೇಸಿಗೆಯಲ್ಲಿ ಕೂರಿಸುವ ಹಲಗೆಗೆ ಎರಡೂ ಬದಿ 2 ಮಿ.ಮೀ. ಜಾಗ ಬಿಡಿ. ಮಳೆಗಾಲದ ಹಲಗೆ ಆಗಲೇ ಉಬ್ಬಿರುತ್ತದೆ, ಅದಕ್ಕೆ ಅರ್ಧ ಸಾಕು. ಕೂರಿಸುವ ಮೊದಲೇ ಅಂಚಿನವರೆಗೂ ಪಾಲಿಶ್ ಹೊಡೆಯಿರಿ. ನಾನು ಮರೆತೆ. ಹೊಸ ಹಲಗೆ ಸೀಳಿಲ್ಲ, ಆದರೆ ಪ್ರತಿ ಮೇ ತಿಂಗಳು ಅಂಚಿನಲ್ಲಿ ಪಾಲಿಶ್ ಇಲ್ಲದ ಪೇಲವ ಗೆರೆಯೊಂದು ಇಣುಕುತ್ತದೆ.