ಮಲಗಿದ್ದಾಗ ಕೇಳಿದರೆ ತಿಳಿಯದ ತಲೆನೋವು

ಹೆರಿಗೆಯಾದ ಮರುದಿನವೋ ಮೂರನೆಯ ದಿನವೋ ವಾರ್ಡಿನ ಸುತ್ತು ಹೋದ ವೈದ್ಯರು "ತಲೆನೋವು ಇದೆಯೇನಮ್ಮ?" ಎಂದು ಕೇಳುತ್ತಾರೆ. ಮಂಚದ ಮೇಲೆ ಮಲಗಿರುವ ಬಾಣಂತಿ "ಈಗ ಏನೂ ಇಲ್ಲ ಡಾಕ್ಟ್ರೇ" ಎನ್ನುತ್ತಾಳೆ, ಕಡತದಲ್ಲಿ "ತಲೆನೋವಿಲ್ಲ" ಎಂದು ದಾಖಲಾಗುತ್ತದೆ. ಆಕೆ ಸುಳ್ಳು ಹೇಳಿರುವುದಿಲ್ಲ. ಆದರೆ "ಈಗ" ಎಂಬ ಆ ಒಂದು ಮಾತನ್ನು ಯಾರೂ ಹಿಡಿದು ಕೇಳುವುದಿಲ್ಲ. ಅರಿವಳಿಕೆ ತಜ್ಞೆಯಾದ ನನ್ನ ತಾಳ್ಮೆ ಕೆಡುವುದು ಇಲ್ಲಿಯೇ.

ಹೆರಿಗೆಗೆಂದು ಬೆನ್ನಿಗೆ ಚುಚ್ಚಿ ಕೊಡುವ ಅರಿವಳಿಕೆಯಲ್ಲಿ ಸ್ಪೈನಲ್, ಎಪಿಡ್ಯೂರಲ್ ಎಂದು ಎರಡು ಬಗೆ. ಸ್ಪೈನಲ್ ಕೊಡುವಾಗ ಬೆನ್ನುಹುರಿಯ ಸುತ್ತಲಿನ ಡ್ಯೂರಾ ಎಂಬ ಪೊರೆಯನ್ನು ಸಣ್ಣ ಸೂಜಿಯಿಂದ ಬೇಕೆಂದೇ ಚುಚ್ಚುತ್ತೇವೆ. ಎಪಿಡ್ಯೂರಲ್‌ನಲ್ಲಿ ಮದ್ದನ್ನು ಹೊರಗೇ ಬಿಡುವುದರಿಂದ ಆ ಪೊರೆಯನ್ನು ಮುಟ್ಟಬಾರದು. ಆದರೂ ಹೆಚ್ಚುಕಡಿಮೆ ನೂರರಲ್ಲಿ ಒಬ್ಬರಿಗೆ ಅದು ತೂತಾಗಿಬಿಡುತ್ತದೆ, ಆ ಸೂಜಿ ದಪ್ಪನೆಯದಾದ್ದರಿಂದ ಅಂಥವರಲ್ಲಿ ಅರ್ಧಕ್ಕಿಂತ ಹೆಚ್ಚಿನವರಿಗೆ ತಲೆನೋವು ಬರುತ್ತದೆ. ತೂತಿನಿಂದ ಮಿದುಳು, ಬೆನ್ನುಹುರಿಗಳ ಸುತ್ತಲಿನ ದ್ರವ ಸೋರಿ ಒತ್ತಡ ತಗ್ಗಿರುವಾಗ ಎದ್ದು ಕುಳಿತರೆ ಮಿದುಳು ತುಸು ಕೆಳಗೆ ಜಗ್ಗಿ ಸುತ್ತಲಿನ ಪೊರೆಗಳನ್ನು ಎಳೆಯುತ್ತದೆ. ಮಲಗಿದರೆ ಎಳೆತವೂ ನಿಲ್ಲುತ್ತದೆ, ನೋವೂ ಇಳಿಯುತ್ತದೆ. 1898ರಲ್ಲಿ ಸ್ಪೈನಲ್ ಪ್ರಯೋಗವನ್ನು ತಮ್ಮ ಮೇಲೆಯೇ ಮಾಡಿಸಿಕೊಂಡ ಜರ್ಮನ್ ಶಸ್ತ್ರವೈದ್ಯ ಆಗಸ್ಟ್ ಬೀರ್, ಮಲಗಿದೊಡನೆ ಮಾಯವಾಗಿ ಎದ್ದೊಡನೆ ಮರಳುತ್ತಿದ್ದ ಈ ನೋವನ್ನು ಅನುಭವಿಸಿಯೇ ಬರೆದಿಟ್ಟಿದ್ದಾರೆ. ಇಷ್ಟು ವರ್ಷಗಳ ಮೇಲೂ ನಾವು ಮಲಗಿದವರನ್ನೇ ಕೇಳುತ್ತಿದ್ದೇವೆ!

ಒಬ್ಬ ತಾಯಿ ಮೂರು ದಿನವೂ ಮಗ್ಗುಲಾಗಿ ಮಲಗಿಯೇ ಹಾಲೂಡಿಸುತ್ತಿದ್ದಳು. ನಿದ್ದೆಗೆಟ್ಟ ಸುಸ್ತು ಎಂದು ಎಲ್ಲರೂ ತಿಳಿದಿದ್ದರು. ನಾನು ಆಕೆಯನ್ನು ಎಬ್ಬಿಸಿ ಕೂರಿಸಿ, ಮಗುವಿನ ತೂಕ, ಹೆಸರು ಎಂದೆಲ್ಲ ಮಾತಾಡಿಸುತ್ತ ಗಡಿಯಾರ ನೋಡುತ್ತಿದ್ದೆ. ಹತ್ತು ನಿಮಿಷವೂ ಆಗಿರಲಿಲ್ಲ, ಆಕೆಯ ಕೈ ತಾನಾಗಿಯೇ ಹಿಂಗತ್ತಿಗೆ ಹೋಯಿತು, ಹುಬ್ಬು ಗಂಟಿಕ್ಕಿತು, "ಕಿವಿಯಲ್ಲಿ ನೀರು ತುಂಬಿದ ಹಾಗಿದೆ, ಮಲಗಿಬಿಡಲೇ?" ಎಂದಳು. ಮಾತ್ರೆಗಳಿಂದ ತಗ್ಗದಿದ್ದಾಗ, ಆಕೆಯ ತೋಳಿನಿಂದಲೇ ಸುಮಾರು 20 ಮಿಲಿಲೀಟರ್ ರಕ್ತ ತೆಗೆದು ಆ ತೂತು ಮುಚ್ಚಲೆಂದು ಬೆನ್ನಿನಲ್ಲಿ ಪೊರೆಯ ಹೊರಗಿನ ಎಪಿಡ್ಯೂರಲ್ ಜಾಗಕ್ಕೆ ಕೊಟ್ಟೆವು. ಬ್ಲಡ್ ಪ್ಯಾಚ್ ಎನ್ನುವ ಈ ಚಿಕಿತ್ಸೆ ಎಲ್ಲರಿಗೂ ಮೊದಲ ಸಲವೇ ಫಲಿಸುತ್ತದೆ ಎನ್ನಲಾರೆ. ಆಕೆ ಮಾತ್ರ ಸಂಜೆ ಕುರ್ಚಿಯಲ್ಲಿ ಕುಳಿತು ಮಗುವಿಗೆ ಹಾಲೂಡಿಸಿದಳು.

ಹಾಗೆಂದು ಬಾಣಂತಿಯ ತಲೆನೋವನ್ನೆಲ್ಲ ಬೆನ್ನಿನ ಇಂಜೆಕ್ಷನ್ನಿನ ತಲೆಗೆ ಕಟ್ಟುವುದು ಇನ್ನೂ ಅಪಾಯದ ತಪ್ಪು. ರಕ್ತದೊತ್ತಡ ಏರುವ ಪ್ರಿಎಕ್ಲಾಂಪ್ಸಿಯಾ ಹೆರಿಗೆಯ ನಂತರವೂ ಕಾಣಿಸಿಕೊಳ್ಳಬಹುದಾದ್ದರಿಂದ ಮೊದಲು ಬಿಪಿ ನೋಡಲೇಬೇಕು. ಜ್ವರ, ಫಿಟ್ಸ್, ಕೈಕಾಲಿನ ಬಲಹೀನತೆ, ಮಂಪರು ಜೊತೆಗೂಡಿದರೆ ಹುಡುಕಬೇಕಾದ ಕಾರಣಗಳೇ ಬೇರೆ. ಎದ್ದಾಗ ಮಾತ್ರ ಬರುತ್ತಿದ್ದ ನೋವು ಮಲಗಿದರೂ ಬಿಡದಂತಾದರೆ ತಲೆಯೊಳಗಿನ ರಕ್ತಸ್ರಾವವನ್ನೂ ಅಲ್ಲಿನ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿರುವುದನ್ನೂ ಶಂಕಿಸಬೇಕಾಗುತ್ತದೆ. ಆದ್ದರಿಂದ ಮನೆಗೆ ಹೋದ ತಾಯಿ ತಲೆನೋವೆಂದು ಫೋನ್ ಮಾಡಿದಾಗ, ಎಷ್ಟು ನೋವು ಎಂದು ವಿಚಾರಿಸುವ ಮುನ್ನ ನಾನು ಕೇಳುವುದು, "ಈಗ ಕೂತಿದ್ದೀರಾ, ಮಲಗಿದ್ದೀರಾ?" ಮಲಗಿಯೇ ಮಾತಾಡುತ್ತಿದ್ದೇನೆ, ಆದರೂ ನೋವು ತಗ್ಗಿಲ್ಲ ಎಂದರೆ, ಕೂಡಲೇ ಹೊರಟು ಬನ್ನಿ ಎನ್ನುತ್ತೇನೆ.