667 ಡಾಲರ್ ಜಪ್ತಿ: ಜೋ ಲೂಯಿಸ್ ತೆರಿಗೆ ಸಾಲದ ಹಿಂದಿನ ಲೆಕ್ಕ

1953ರಲ್ಲಿ ಜೋ ಲೂಯಿಸ್‌ನ ತಾಯಿ ಲಿಲ್ಲಿ ತೀರಿಕೊಂಡಳು. ಮಗನ ಹೆಸರಿಗೆ ಅಂತ ಆಕೆ ಬಿಟ್ಟುಹೋಗಿದ್ದು 667 ಡಾಲರ್. ಆ ದುಡ್ಡು ಅವನ ಕೈಗೆ ಬರಲಿಲ್ಲ. ಹಳೇ ಬಾಕಿಗೆ ಅಂತ ಅಮೆರಿಕದ ತೆರಿಗೆ ಇಲಾಖೆ ಅದನ್ನೂ ತೆಗೆದುಕೊಂಡಿತು.

ನಾಲ್ಕು ವರ್ಷದ ಹಿಂದಿನವರೆಗೂ ಇದೇ ಮನುಷ್ಯ ಹೆವಿವೇಟ್ ಬಾಕ್ಸಿಂಗ್‌ನ ವಿಶ್ವ ಚಾಂಪಿಯನ್. 11 ವರ್ಷ 8 ತಿಂಗಳು ಪಟ್ಟ ಅವನ ಹತ್ತಿರವೇ ಇತ್ತು. 25 ಸಲ ಎದುರಾಳಿಗಳು ಬಂದು ಕೇಳಿದರು, 25 ಸಲವೂ ಬರಿಗೈಲಿ ಹೋದರು. ಹೆವಿವೇಟ್‌ನಲ್ಲಿ ಆ ದಾಖಲೆಯನ್ನು ಇವತ್ತಿನವರೆಗೂ ಯಾರೂ ಮುರಿದಿಲ್ಲ.

ಅಂಥವನು ಸಾಲಗಾರ ಆಗಿದ್ದು ಹೇಗೆ? ಸಾಮಾನ್ಯವಾಗಿ ಹೇಳುವ ಕಥೆ ಒಂದಿದೆ. ಯುದ್ಧದ ಕಾಲದಲ್ಲಿ ಅವನು ಎರಡು ಪಂದ್ಯದ ಸಂಭಾವನೆಯನ್ನು ಸೇನೆಗೆ ದಾನ ಮಾಡಿದ. ದಾನ ಮಾಡಿದ ದುಡ್ಡಿಗೂ ಸರ್ಕಾರ ತೆರಿಗೆ ಕೇಳಿತು. ಅಲ್ಲಿಂದ ಅವನು ಮುಳುಗಿದ. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಅಂತಾರಲ್ಲ, ಥೇಟ್ ಹಾಗೆ. ಕಥೆ ಸುಳ್ಳಲ್ಲ. ಆದರೆ ಲೆಕ್ಕ ಹಾಕಿ ನೋಡಿದರೆ ತಾಳೆಯಾಗುವುದಿಲ್ಲ. ಆ ಎರಡು ಪಂದ್ಯಗಳಿಂದ ಸೇನಾ ನಿಧಿಗಳಿಗೆ ಹೋದ ಹಣ 83 ಸಾವಿರ ಡಾಲರ್ ಚಿಲ್ಲರೆ. 1950ರಲ್ಲಿ ತೆರಿಗೆ ಇಲಾಖೆ ತೋರಿಸಿದ ಬಾಕಿ 5 ಲಕ್ಷಕ್ಕೂ ಜಾಸ್ತಿ. ಉಳಿದದ್ದು ಎಲ್ಲಿಂದ ಬಂತು ಅಂತ ನೋಡಬೇಕಾದರೆ ಶುರುವಿನಿಂದಲೇ ಬರಬೇಕು.

ಲೂಯಿಸ್ ಹುಟ್ಟಿದ್ದು 1914ರಲ್ಲಿ, ಅಲಬಾಮಾದ ಹತ್ತಿ ಹೊಲಗಳ ನಡುವೆ. ಮನೆಯವರು ಬೇರೆಯವರ ಜಮೀನನ್ನು ಪಾಲಿಗೆ ಮಾಡುತ್ತಿದ್ದವರು. 1926ರ ಹೊತ್ತಿಗೆ ಸಂಸಾರ ಡೆಟ್ರಾಯಿಟ್‌ಗೆ ಬಂತು. ಮಗ ಪಿಟೀಲು ಕಲಿಯಲಿ ಅಂತ ತಾಯಿಗೆ ಆಸೆ. ಪಿಟೀಲು ಮೇಷ್ಟ್ರಿಗೆ ಅಂತ ಕೊಟ್ಟ ಕಾಸನ್ನು ಅವನು ಬಾಕ್ಸಿಂಗ್ ಕಲಿಯುವ ಕಡೆ ಕೊಟ್ಟ. ನನಗೆ ಗೊತ್ತಿರುವ ಮಟ್ಟಿಗೆ ಅವನು ಮಾಡಿದ ಹೂಡಿಕೆಗಳಲ್ಲಿ ಲಾಭ ತಂದಿದ್ದು ಇದೊಂದೇ!

1934ರ ಜುಲೈ 4ರಂದು ಷಿಕಾಗೋದಲ್ಲಿ ವೃತ್ತಿಪರನಾಗಿ ಮೊದಲ ಪಂದ್ಯ ಆಡಿದ. ಮೊದಲ ರೌಂಡಿನಲ್ಲೇ ನಾಕೌಟ್. ಸಿಕ್ಕಿದ್ದು 50-60 ಡಾಲರ್. ಆಗ ಅವನ ಬೆನ್ನಿಗಿದ್ದವರು ಮೂವರು: ಮ್ಯಾನೇಜರ್‌ಗಳಾದ ಜಾನ್ ರಾಕ್ಸ್‌ಬರೋ ಮತ್ತು ಜೂಲಿಯನ್ ಬ್ಲಾಕ್, ಕಲಿಸುವ ಗುರು ಜಾಕ್ ಬ್ಲಾಕ್‌ಬರ್ನ್. ಮೂವರೂ ಕಪ್ಪು ಜನ. ರಾಕ್ಸ್‌ಬರೋ ಡೆಟ್ರಾಯಿಟ್‌ನಲ್ಲಿ ನಂಬರ್ ಆಟ ನಡೆಸುತ್ತಿದ್ದವನು. ನಮ್ಮ ಕಡೆಯ ಮಟ್ಕಾ ನೆನೆಸಿಕೊಳ್ಳಿ, ಹೆಚ್ಚುಕಮ್ಮಿ ಅದೇ.

ಇವರು ಹುಡುಗನಿಗೆ ಒಂದಿಷ್ಟು ನಿಯಮ ಹಾಕಿದರು. ಬಿಳಿ ಹೆಂಗಸಿನ ಜೊತೆ ಫೋಟೊ ತೆಗೆಸಿಕೊಳ್ಳಬಾರದು. ಒಬ್ಬನೇ ನೈಟ್‌ಕ್ಲಬ್ಬಿಗೆ ಹೋಗಬಾರದು. ಕೆಳಗೆ ಬಿದ್ದ ಎದುರಾಳಿಯನ್ನು ನೋಡಿ ಹಿಗ್ಗಬಾರದು. ಇದಕ್ಕೆ ಕಾರಣ ಜಾಕ್ ಜಾನ್ಸನ್. 1908ರಲ್ಲಿ ಹೆವಿವೇಟ್ ಪಟ್ಟ ಗೆದ್ದ ಮೊದಲ ಕಪ್ಪು ಮನುಷ್ಯ ಅವನು. ಗೆದ್ದು ಸುಮ್ನೆ ಇರಲಿಲ್ಲ, ನಕ್ಕ, ಹಂಗಿಸಿದ, ಬಿಳಿ ಹೆಂಗಸರನ್ನು ಮದುವೆಯಾದ. ಬಿಳಿಯರ ಅಮೆರಿಕ ಅವನನ್ನು ಕೋರ್ಟಿಗೆ ಎಳೆಯಿತು, ಜೈಲಿಗೂ ಹಾಕಿತು. 1915ರಲ್ಲಿ ಅವನು ಸೋತ ಮೇಲೆ 22 ವರ್ಷ ಬೇರೆ ಯಾವ ಕಪ್ಪು ಬಾಕ್ಸರನಿಗೂ ಹೆವಿವೇಟ್ ಪಟ್ಟಕ್ಕೆ ಆಡುವ ಅವಕಾಶವನ್ನೇ ಕೊಡಲಿಲ್ಲ. ಹಾಗಾಗಿ ಲೂಯಿಸ್ ಬಾಯಿ ಮುಚ್ಚಿಕೊಂಡಿರುವುದನ್ನು ಕಲಿತ. ಹೇಗೆ ನಡೆಯಬೇಕು, ಹೇಗೆ ನಿಲ್ಲಬೇಕು, ಏನು ಮಾತಾಡಬೇಕು, ಎಲ್ಲಕ್ಕೂ ನಿಯಮ ಇತ್ತು. ದುಡ್ಡಿನ ಲೆಕ್ಕ ಹೇಗೆ ನೋಡಬೇಕು ಅನ್ನುವುದಕ್ಕೆ ಮಾತ್ರ ಇರಲಿಲ್ಲ.

ಒಪ್ಪಂದದ ಪ್ರಕಾರ ಸಂಭಾವನೆಯಲ್ಲಿ ಅರ್ಧ ಇಬ್ಬರು ಮ್ಯಾನೇಜರ್‌ಗಳದ್ದು. ಅವರ ಮೇಲೆ ಪಂದ್ಯ ಕಟ್ಟುವ ಪ್ರೊಮೋಟರ್ ಮೈಕ್ ಜೇಕಬ್ಸ್. ಲೂಯಿಸ್ ಬಾಕ್ಸಿಂಗ್‌ನಿಂದ ಒಟ್ಟು ದುಡಿದಿದ್ದು 46 ಲಕ್ಷ ಡಾಲರಿಗೂ ಜಾಸ್ತಿ ಅಂತ ಅಂದಾಜು. ಅದರಲ್ಲಿ ಅವನ ಕೈ ಸೇರಿದ್ದು ಸುಮಾರು 8 ಲಕ್ಷ. ನೂರು ಡಾಲರ್ ಸಂಪಾದಿಸಿದರೆ ಹದಿನೇಳು ಸಿಕ್ಕಂತೆ.

ಆ ಹದಿನೇಳನ್ನೂ ಅವನು ಕಟ್ಟಿಡುವ ಪೈಕಿ ಅಲ್ಲ. ಅಣ್ಣತಮ್ಮ, ಅಕ್ಕತಂಗಿಯರಿಗೆ ಮನೆ ಕೊಡಿಸಿದ, ಕಾರು ಕೊಡಿಸಿದ, ಓದಿಸಿದ. ಹೋಟೆಲು ತೆರೆದ, ಇನ್ಶೂರೆನ್ಸ್ ಕಂಪನಿಗೆ ಹಾಕಿದ, ಹಾಲಿನ ಕಂಪನಿ, ತಲೆಗೆ ಹಚ್ಚುವ ಪೊಮೇಡು, ಸಾಫ್ಟ್‌ಬಾಲ್ ತಂಡ, ಕುದುರೆ ಫಾರಂ, ಕೊನೆಗೆ ಜೋ ಲೂಯಿಸ್ ಪಂಚ್ ಅನ್ನುವ ತಂಪು ಪಾನೀಯ. ಒಂದೂ ನಿಲ್ಲಲಿಲ್ಲ. ಬಡತನದ ದಿನಗಳಲ್ಲಿ ಮನೆಯವರು ಡೆಟ್ರಾಯಿಟ್ ನಗರದಿಂದ ಸಹಾಯಧನ ಪಡೆದಿದ್ದರು. ಅದನ್ನು ಲೆಕ್ಕ ಹಾಕಿಸಿ ವಾಪಸ್ ಕಟ್ಟಿದ. ಸರ್ಕಾರಕ್ಕೆ ಬಾಕಿ ಉಳಿಸಿಕೊಂಡವನು ಅಂತ ಮುಂದೆ ಹೆಸರು ಕೆಡಿಸಿಕೊಂಡವನೂ ಇವನೇ ಅನ್ನುವುದನ್ನು ನೆನಪಿಟ್ಟುಕೊಳ್ಳಿ.

ರಿಂಗಿನೊಳಗಿನ ಕಥೆ ಬಹಳ ಜನಕ್ಕೆ ಗೊತ್ತು, ಬೇಗ ಹೇಳಿ ಮುಗಿಸುತ್ತೇನೆ. 1936ರಲ್ಲಿ ಜರ್ಮನಿಯ ಮ್ಯಾಕ್ಸ್ ಶ್ಮೆಲಿಂಗ್ ಅವನನ್ನು 12ನೇ ರೌಂಡಿನಲ್ಲಿ ಮಲಗಿಸಿದ. ಮಾರನೇ ವರ್ಷ ಲೂಯಿಸ್ ಜೇಮ್ಸ್ ಬ್ರಾಡಕ್‌ನನ್ನು ಸೋಲಿಸಿ ಚಾಂಪಿಯನ್ ಆದ. 1938ರ ಜೂನ್ 22ರಂದು ನ್ಯೂಯಾರ್ಕ್‌ನ ಯಾಂಕಿ ಸ್ಟೇಡಿಯಂನಲ್ಲಿ ಶ್ಮೆಲಿಂಗ್ ಮತ್ತೆ ಎದುರಾದ. ಒಂದು ಕಡೆ ಹಿಟ್ಲರನ ಜರ್ಮನಿ, ಇನ್ನೊಂದು ಕಡೆ ಅಮೆರಿಕ ಅನ್ನುವಂತೆ ಜಗತ್ತು ರೇಡಿಯೋ ಮುಂದೆ ಕೂತಿತ್ತು. ಸ್ಟೇಡಿಯಂನಲ್ಲಿ 70 ಸಾವಿರ ಜನ. ಪಂದ್ಯ ನಡೆದಿದ್ದು 124 ಸೆಕೆಂಡ್. ತನ್ನ ಊರಿನಲ್ಲಿ ಬಿಳಿಯರ ಪಕ್ಕ ಕೂತು ಊಟ ಮಾಡಲಾಗದ ಮನುಷ್ಯ ಒಂದೇ ರಾತ್ರಿಯಲ್ಲಿ ಇಡೀ ಅಮೆರಿಕದ ಹೀರೋ ಆದ.

ಆಮೇಲೆ ಯುದ್ಧ ಬಂತು. 1942ರ ಜನವರಿ 9ರಂದು ಬಡ್ಡಿ ಬೇರ್ ಜೊತೆ ಆಡಿ ಬಂದ ಹಣವನ್ನು ನೌಕಾಪಡೆಯ ಪರಿಹಾರ ನಿಧಿಗೆ ಕೊಟ್ಟ, 47 ಸಾವಿರ ಡಾಲರ್. ಮಾರ್ಚ್ 27ರಂದು ಏಬ್ ಸೈಮನ್ ಜೊತೆ ಆಡಿದ, ಭೂಸೇನೆಯ ನಿಧಿಗೆ 36 ಸಾವಿರ. ಆ ಹೊತ್ತಿನಲ್ಲಿ ನೌಕಾಪಡೆ ಕಪ್ಪು ಜನರನ್ನು ಅಡುಗೆ ಮಾಡಲು, ಬಡಿಸಲು ಮಾತ್ರ ಸೇರಿಸಿಕೊಳ್ಳುತ್ತಿತ್ತು. ಅಂಥ ಪಡೆಗೆ ಯಾಕಪ್ಪ ದಾನ ಅಂತ ಅವನ ಜನರೇ ಕೇಳಿದರು. ಬೇರ್ ಪಂದ್ಯ ಮುಗಿದ ಕೂಡಲೇ ಅವನು ತಾನಾಗಿ ಹೋಗಿ ಸೇನೆಗೆ ಸೇರಿದ, ಸಾಮಾನ್ಯ ಸಿಪಾಯಿಯಾಗಿ. ಸಂಬಳ ತಿಂಗಳಿಗೆ 21 ಡಾಲರ್.

ತೆರಿಗೆಯ ಗಂಟು ಬೀಳುವುದು ಇಲ್ಲಿ. ಕಾನೂನು ನೋಡುವುದು ಹೀಗೆ: ನೀನು ದುಡಿದ ದುಡ್ಡು ಮೊದಲು ನಿನ್ನ ಆದಾಯ. ಅದನ್ನು ಯಾರಿಗೆ ಕೊಟ್ಟೆ ಅನ್ನುವುದು ಆಮೇಲಿನ ಮಾತು. ದಾನಕ್ಕೆ ವಿನಾಯಿತಿ ಇತ್ತು, ಆದರೆ ಆಗ ಅದಕ್ಕೊಂದು ಮಿತಿ ಇತ್ತು, ಆದಾಯದ ನೂರಕ್ಕೆ 15. ಹಾಗಾಗಿ ಪೂರ್ತಿ ಸಂಭಾವನೆ ಕೊಟ್ಟುಬಿಟ್ಟರೂ ಕಡತದಲ್ಲಿ ಅದರ ಬಹುಪಾಲು ಅವನ ಆದಾಯವಾಗಿಯೇ ಉಳಿಯಿತು. ಕೈಯಲ್ಲಿ ಇಲ್ಲದ ಹಣಕ್ಕೆ ತೆರಿಗೆ. ಆದರೂ 83 ಸಾವಿರವನ್ನು ಇಡಿಯಾಗಿ ತೆರಿಗೆ ಅಂತ ಕಿತ್ತುಕೊಂಡಿದ್ದರೂ 5 ಲಕ್ಷದ ಹತ್ತಿರಕ್ಕೂ ಬರುತ್ತಿರಲಿಲ್ಲ, ಅಲ್ವಾ?

ಇನ್ನೊಂದು ಕಡೆ ನೋಡಿ. ಸೇನೆಯಲ್ಲಿದ್ದ ವರ್ಷಗಳಲ್ಲಿ ಅವನು ನೂರರ ಹತ್ತಿರ ಪ್ರದರ್ಶನ ಪಂದ್ಯ ಆಡಿದ, ಲಕ್ಷಾಂತರ ಸೈನಿಕರ ಮುಂದೆ. ಅದಕ್ಕೆ ಕಾಸಿಲ್ಲ. ಬಾಕ್ಸರನ ಬಾಳಿನಲ್ಲಿ 28ರಿಂದ 31ರ ವಯಸ್ಸು ಅಂದರೆ ಹೊಲಕ್ಕೆ ಮುಂಗಾರು ಇದ್ದ ಹಾಗೆ. ಆ ವರ್ಷಗಳು ಹೋದವು. ಮನೆ ಖರ್ಚು ನಿಲ್ಲಲಿಲ್ಲ, ಕೊಡುವ ಕೈಯೂ ನಿಲ್ಲಲಿಲ್ಲ. ದುಡ್ಡು ಬೇಕಾದಾಗಲೆಲ್ಲ ಜೇಕಬ್ಸ್ ಹತ್ತಿರ ಸಾಲ ತೆಗೆದ, ಮುಂದಿನ ಪಂದ್ಯದಲ್ಲಿ ಮುರಿದುಕೊಳ್ಳಿ ಅಂತ. ಬ್ಲಾಕ್‌ಬರ್ನ್ 1942ರಲ್ಲಿ ಸತ್ತ. ರಾಕ್ಸ್‌ಬರೋ ಜೂಜಿನ ಕೇಸಿನಲ್ಲಿ ಜೈಲಿಗೆ ಹೋದ. ಬೇಡ ಅನ್ನುವವರು ಯಾರೂ ಪಕ್ಕದಲ್ಲಿ ಉಳಿಯಲಿಲ್ಲ.

1946ರ ಜೂನ್ 19ರಂದು ಬಿಲ್ಲಿ ಕಾನ್ ಜೊತೆ ಎರಡನೇ ಪಂದ್ಯ. ಐದು ವರ್ಷದ ಹಿಂದೆ ಇದೇ ಕಾನ್ 12 ರೌಂಡ್ ಮುಗಿದಾಗ ಅಂಕದಲ್ಲಿ ಮುಂದಿದ್ದ, 13ರಲ್ಲಿ ಬಿದ್ದಿದ್ದ. ಆ ಸೇಡಿನ ಪಂದ್ಯ ನೋಡಲು ರಿಂಗ್ ಪಕ್ಕದ ಸೀಟಿಗೆ 100 ಡಾಲರ್ ಇಟ್ಟರು. ಟಿಕೆಟ್ಟಿನಿಂದಲೇ 19 ಲಕ್ಷ ಡಾಲರ್ ಬಂತು. ಲೂಯಿಸ್ ಎಂಟನೇ ರೌಂಡಿನಲ್ಲಿ ಗೆದ್ದ. ಅವನ ಪಾಲು 6 ಲಕ್ಷಕ್ಕೂ ಮೇಲೆ.

ಇಷ್ಟು ದುಡ್ಡಿನಲ್ಲಿ ಎಲ್ಲ ತೀರಬೇಕಿತ್ತು. ತೀರಲಿಲ್ಲ. ಮ್ಯಾನೇಜರ್ ಪಾಲು ಹೋಯಿತು, ಜೇಕಬ್ಸ್ ಸಾಲ ಮುರಿದುಕೊಂಡ. ತೆರಿಗೆಯವರು ಮಾತ್ರ ಆ ವರ್ಷದ ಆದಾಯವನ್ನು ಮೇಲಿನ ಸ್ಲ್ಯಾಬಿನಲ್ಲಿ ಹಿಡಿದು ಲೆಕ್ಕ ಹಾಕಿದರು. ಯುದ್ಧದ ಖರ್ಚಿಗೆ ಅಂತ ಏರಿಸಿದ ದರ, ತೀರಾ ಮೇಲಿನ ಹಂತದಲ್ಲಿ ನೂರಕ್ಕೆ 90ರ ಆಸುಪಾಸು. ದೊಡ್ಡ ಶ್ರೀಮಂತರಿಗೆ ಇದರಿಂದ ತಪ್ಪಿಸಿಕೊಳ್ಳುವ ದಾರಿಗಳಿದ್ದವು, ವಕೀಲರಿದ್ದರು, ಆಸ್ತಿ ಮಾರಿ ಬಂದ ಲಾಭಕ್ಕೆ ಕಡಿಮೆ ದರ ಇತ್ತು. ಬಾಕ್ಸರನಿಗೆ ಇರುವ ಆಸ್ತಿ ಅವನ ಮುಷ್ಟಿ. ನಾಲ್ಕು ವರ್ಷ ಏನೂ ಇಲ್ಲ, ಒಂದು ರಾತ್ರಿ 6 ಲಕ್ಷ. ಐದು ವರ್ಷಕ್ಕೆ ಹಂಚಿದರೆ ವರ್ಷಕ್ಕೆ ಒಂದು ಲಕ್ಷ ಚಿಲ್ಲರೆ. ಆದರೆ ಹಾಗೆ ಹಂಚಿ ಲೆಕ್ಕ ಹಾಕುವ ಸೌಲಭ್ಯ ಅಂಥವರಿಗೆ ಸಿಕ್ಕಿದ್ದು 1964ರ ಕಾನೂನಿನಲ್ಲಿ. ಅಷ್ಟು ಹೊತ್ತಿಗೆ ಲೂಯಿಸ್‌ಗೆ 50 ವರ್ಷ.

ನನ್ನ ಕೇಳಿದರೆ ಅವನನ್ನು ನಿಜವಾಗಿ ಹಿಂಡಿದ್ದು ದಾನದ ಮೇಲಿನ ತೆರಿಗೆಗಿಂತ ಈ ಹಂಚಿಕೆಯಿಲ್ಲದ ಲೆಕ್ಕ. ಅದು ಅಷ್ಟು ರಂಗಾದ ಕಥೆ ಅಲ್ಲ, ಹಾಗಾಗಿ ಯಾರೂ ಹೇಳುವುದಿಲ್ಲ.

1948ರಲ್ಲಿ ಜೆರ್ಸಿ ಜೋ ವಾಲ್ಕಾಟ್‌ನನ್ನು ಎರಡನೇ ಸಲ ಸೋಲಿಸಿ, 1949ರ ಮಾರ್ಚ್ 1ರಂದು ಲೂಯಿಸ್ ನಿವೃತ್ತಿ ಹೇಳಿದ. ಆಗಲೇ ಕಾಲು ನಿಧಾನವಾಗಿತ್ತು. ಮಾರನೇ ವರ್ಷ ತೆರಿಗೆ ಇಲಾಖೆ ಕಡತ ತೆಗೆದು 5 ಲಕ್ಷದ ಲೆಕ್ಕ ಮುಂದಿಟ್ಟಿತು. ಅವನಿಗೆ ಗೊತ್ತಿದ್ದ ಕೆಲಸ ಒಂದೇ. 1950ರ ಸೆಪ್ಟೆಂಬರ್ 27ರಂದು ಮತ್ತೆ ಗ್ಲೌಸ್ ಹಾಕಿದ.

ಎಜ಼ರ್ಡ್ ಚಾರ್ಲ್ಸ್ ಆಗಿನ ಚಾಂಪಿಯನ್. ಜಾಗ ಅದೇ ಯಾಂಕಿ ಸ್ಟೇಡಿಯಂ. ಶ್ಮೆಲಿಂಗ್ ದಿನ 70 ಸಾವಿರ ಇದ್ದ ಕಡೆ ಈಗ 22 ಸಾವಿರ ಚಿಲ್ಲರೆ. 15 ರೌಂಡ್ ನಿಂತ, ಅಂಕದಲ್ಲಿ ಸೋತ. ಬಂದಿದ್ದು ಸುಮಾರು ಲಕ್ಷ ಡಾಲರ್.

ಈ ಆಟದ ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡೋಣ. ಬಾಕಿ 5 ಲಕ್ಷ. ಬಡ್ಡಿ ವರ್ಷಕ್ಕೆ ನೂರಕ್ಕೆ 6 ಅಂತ ಇಟ್ಟುಕೊಳ್ಳಿ, 30 ಸಾವಿರ ಆಯಿತು. ಈ ಬಡ್ಡಿ ಕಟ್ಟುವುದಕ್ಕೂ ಹೊಸದಾಗಿ ದುಡಿಯಬೇಕು. ಹೊಸ ದುಡಿಮೆ ಮೇಲಿನ ಹಂತಕ್ಕೆ ಹೋದರೆ 100ರಲ್ಲಿ ಉಳಿಯುವುದು 10. ಅಂದರೆ ಆ ಹಂತದ ದುಡ್ಡಿನಲ್ಲೇ ಬಡ್ಡಿ ತೀರಿಸುವುದಾದರೆ 3 ಲಕ್ಷ ದುಡಿಯಬೇಕು. ಅಸಲು ಹಾಗೇ ಇರುತ್ತದೆ. ತೂತಿನ ಬಿಂದಿಗೆಗೆ ನೀರು ಸೇದಿದ ಹಾಗೆ, ಸೇದಿದಷ್ಟೂ ತೋಳು ಸೋಲುತ್ತದೆ.

ಆದರೂ ಸೇದಿದ. ಚಾರ್ಲ್ಸ್ ಆದ ಮೇಲೆ ಎಂಟು ಪಂದ್ಯ ಗೆದ್ದ. 1951ರ ಅಕ್ಟೋಬರ್ 26ರಂದು ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ರಾಕಿ ಮಾರ್ಸಿಯಾನೊ ಎದುರಾದ. ಇವನಿಗೆ 37, ಅವನಿಗೆ 28. ಎಂಟನೇ ರೌಂಡಿನಲ್ಲಿ ಲೂಯಿಸ್ ಹಗ್ಗದ ನಡುವೆ ಹಾದು ರಿಂಗಿನ ಅಂಚಿಗೆ ಬಿದ್ದ. ಚಿಕ್ಕಂದಿನಿಂದ ಆರಾಧಿಸಿದ ಮನುಷ್ಯನನ್ನು ಹೊಡೆದುಬಿಟ್ಟೆನಲ್ಲ ಅಂತ ಮಾರ್ಸಿಯಾನೊ ಆಮೇಲೆ ಅತ್ತ. ಅದೇ ಕೊನೆಯ ಪಂದ್ಯ. ಒಟ್ಟು 69 ಪಂದ್ಯ, 66 ಗೆಲುವು, 3 ಸೋಲು. ಮೂರರಲ್ಲಿ ಎರಡು ಸೋಲು ತೆರಿಗೆಗಾಗಿ ಆಡಿದ ದಿನಗಳಲ್ಲಿ ಬಂದದ್ದು.

ಮುಂದೆ ಸಿಕ್ಕ ಕೆಲಸ ಮಾಡಿದ. ಟಿವಿ ಕ್ವಿಜ್‌ನಲ್ಲಿ ಕೂತ. 1956ರಲ್ಲಿ ಕುಸ್ತಿಗೂ ಇಳಿದ. ನಮ್ಮ ಗರಡಿಮನೆಯ ಮಣ್ಣಿನ ಕುಸ್ತಿ ಅಲ್ಲ, ಯಾರು ಗೆಲ್ಲಬೇಕು ಅಂತ ಮೊದಲೇ ಮಾತಾಡಿಕೊಂಡು ಆಡುವ ಟಿವಿ ಕುಸ್ತಿ. ಹೃದಯದ ತೊಂದರೆ ಗೊತ್ತಾಗಿ ಅದನ್ನೂ ಬಿಟ್ಟು ರೆಫರಿ ಆದ. 1950ರ ದಶಕ ಮುಗಿಯುವ ಹೊತ್ತಿಗೆ ಬಡ್ಡಿ ಸೇರಿ ಬಾಕಿ 10 ಲಕ್ಷ ಡಾಲರ್ ದಾಟಿತ್ತು. ಇನ್ನು ಇವನಿಂದ ಏನೂ ಹುಟ್ಟುವುದಿಲ್ಲ ಅನ್ನುವುದು ಇಲಾಖೆಗೂ ಅರ್ಥವಾಯಿತು. 1960ರ ದಶಕದ ಶುರುವಿನಲ್ಲಿ ಒಂದು ಒಪ್ಪಂದವಾಯಿತು: ಆಯಾ ವರ್ಷ ಏನು ದುಡಿಯುತ್ತಾನೋ ಅದಕ್ಕೆ ತಕ್ಕಂತೆ ಕಟ್ಟಿದರೆ ಸಾಕು.

ಲಾಸ್ ವೇಗಸ್‌ನ ಸೀಸರ್ಸ್ ಪ್ಯಾಲೇಸ್ ಹೋಟೆಲಿನಲ್ಲಿ ಸೇನೆಯ ಕಾಲದ ಗೆಳೆಯನೊಬ್ಬ ಕೆಲಸ ಕೊಡಿಸಿದ. ಬಂದವರಿಗೆ ಕೈಕುಲುಕಿ ಸ್ವಾಗತ ಹೇಳುವುದು, ಅಷ್ಟೇ. ಕೆಲವರಿಗೆ ಇದನ್ನು ನೋಡಿ ಕರುಳು ಚುರುಕ್ ಅನ್ನುತ್ತಿತ್ತು. ನನಗೆ ಹಾಗನ್ನಿಸುವುದಿಲ್ಲ. ಹಸ್ತಾಕ್ಷರ, ಫೋಟೊ, ಸಂಜೆ ಗಾಲ್ಫ್, ತಲೆಯ ಮೇಲೆ ಹೊಡೆತವಿಲ್ಲದ ದುಡಿಮೆ. ಅದಕ್ಕಿಂತ ಕಷ್ಟದ ದಿನಗಳು ಬೇರೆಯೇ ಇದ್ದವು: ಮಾದಕ ವಸ್ತು, ಯಾರೋ ಕೊಲ್ಲಲು ಬರುತ್ತಿದ್ದಾರೆ ಅನ್ನುವ ಭಯ, 1970ರಲ್ಲಿ ಮನೋವೈದ್ಯರ ಆಸ್ಪತ್ರೆ. ಕೊನೆಯ ವರ್ಷಗಳಲ್ಲಿ ಗಾಲಿಕುರ್ಚಿ.

1981ರ ಏಪ್ರಿಲ್ 11ರಂದು ಸೀಸರ್ಸ್ ಪ್ಯಾಲೇಸ್‌ನಲ್ಲಿ ಲ್ಯಾರಿ ಹೋಮ್ಸ್‌ನ ಪಂದ್ಯ ನೋಡಲು ಬಂದ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮಾರನೇ ದಿನ ತೀರಿಕೊಂಡ. ನಿಯಮದ ಪ್ರಕಾರ ಆರ್ಲಿಂಗ್ಟನ್ ಸೈನಿಕ ಸ್ಮಶಾನದಲ್ಲಿ ಅವನಿಗೆ ಜಾಗ ಇರಲಿಲ್ಲ. ಅಧ್ಯಕ್ಷ ರೇಗನ್ ನಿಯಮ ಸಡಿಲಿಸಿದರು.

ಈ ಕಥೆಯಲ್ಲಿ ದುಡ್ಡು ಉಳಿಸಿಕೊಂಡವನು ಒಬ್ಬನಿದ್ದಾನೆ. 124 ಸೆಕೆಂಡಿನಲ್ಲಿ ಸೋತು ಹಡಗು ಹತ್ತಿದ ಮ್ಯಾಕ್ಸ್ ಶ್ಮೆಲಿಂಗ್. ಯುದ್ಧ ಮುಗಿದ ಮೇಲೆ ಜರ್ಮನಿಯಲ್ಲಿ ಅವನಿಗೆ ಕೋಕಾ-ಕೋಲಾ ಏಜೆನ್ಸಿ ಸಿಕ್ಕಿತು. ಇವನ ಪಂಚ್ ಯಾರೂ ಕುಡಿಯಲಿಲ್ಲ, ಅವನ ಕೋಲಾ ಚೆನ್ನಾಗಿ ಓಡಿತು. ಇಬ್ಬರೂ ಗೆಳೆಯರಾಗಿದ್ದರು. ಲೂಯಿಸ್ ಕಷ್ಟದಲ್ಲಿದ್ದಾಗ ಅವನು ಹಣ ಕೊಡುತ್ತಿದ್ದ. ಶವಸಂಸ್ಕಾರದ ಖರ್ಚಿನಲ್ಲೂ ಒಂದು ಪಾಲು ಅವನೇ ಕೊಟ್ಟ.